ಏರಿಳಿತ ದೌರ್ಬಲ್ಯದ ಪುರಾವೆಯಲ್ಲ

ಸೆಟ್‌ನಿಂದ ಸೆಟ್‌ಗೆ ಏರಿಳಿತ ಕಾಣುವ ಕಾಲೇಜು ವಾಲಿಬಾಲ್ ತಂಡದ ಗೆಲುವು ಅದೃಷ್ಟದ ಫಲವೇ ಹೊರತು ಸಾಮರ್ಥ್ಯದ್ದಲ್ಲ ಎಂಬ ಪ್ರಕಟಿತ ವಾದವು ಆಟದ ರಚನೆಯನ್ನೇ ಕಡೆಗಣಿಸಿದೆ. 2009ರ ಅಮೆರಿಕದ ಮಹಿಳಾ ಕಾಲೇಜು ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಪೆನ್ ಸ್ಟೇಟ್ ತಂಡವು ಟೆಕ್ಸಾಸ್ ಎದುರು ಮೊದಲ ಎರಡು ಸೆಟ್‌ಗಳನ್ನು 22-25, 20-25ರಿಂದ ಕಳೆದುಕೊಂಡು, ಉಳಿದ ಮೂರನ್ನು 25-23, 25-21, 15-13ರಿಂದ ಗೆದ್ದುಕೊಂಡಿತು. ಕೂಡಿ ನೋಡಿದರೆ ಎರಡೂ ತಂಡಗಳ ಅಂಕ ತಲಾ 107. ಪ್ರತಿ ಸೆಟ್ಟೂ ಸೊನ್ನೆಯಿಂದಲೇ ಆರಂಭವಾಗುವ ಈ ಆಟದಲ್ಲಿ ಎಷ್ಟು ಅಂಕ ಬಂತು ಎಂಬುದಕ್ಕಿಂತ ಯಾವಾಗ ಬಂತು ಎಂಬುದೇ ನಿರ್ಣಾಯಕ. ಇದಲ್ಲದೆ, ಎದುರಾಳಿಯಿಂದ ಸರ್ವ್ ಮರಳಿ ಪಡೆದಾಗಲೆಲ್ಲ ಆಟಗಾರ್ತಿಯರು ಒಂದೊಂದು ಸ್ಥಾನ ಸರಿಯುವ ಕ್ರಮಕ್ಕೆ ರೊಟೇಷನ್ ಎನ್ನುತ್ತಾರೆ. ಹೊಡೆತಕ್ಕೆ ಚೆಂಡನ್ನು ಎತ್ತಿಕೊಡುವ ಸೆಟರ್ ಹೀಗೆ ಸರಿದು ಮುಂದಿನ ಸಾಲಿಗೆ ಬಂದಾಗ ಅಲ್ಲಿ ಮೂವರ ಬದಲು ಇಬ್ಬರೇ ದಾಳಿಗಾರ್ತಿಯರು ಉಳಿಯುವುದರಿಂದ, ಅಂಕಗಳು ಸಾಲಾಗಿ ಕೈತಪ್ಪುವುದು ಅಪರೂಪವಲ್ಲ. ಸತತ 109 ಪಂದ್ಯಗಳನ್ನು ಗೆದ್ದ ಮೇಲಷ್ಟೇ, 2010ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಮಣಿದ ಪೆನ್ ಸ್ಟೇಟ್‌ನ ಬೆನ್ನಿಗೆ ಅದೃಷ್ಟವೊಂದೇ ಇತ್ತೆನ್ನುವುದು ಹಾಸ್ಯಾಸ್ಪದ. ದೋಷವಿದ್ದರೆ ಅದು ಯಾವ ರೊಟೇಷನ್‌ನಲ್ಲಿ, ಸರ್ವ್ ಸ್ವೀಕರಿಸುವಲ್ಲೋ ತಡೆಯುವಲ್ಲೋ ಎಂಬುದನ್ನು ವಿಮರ್ಶಕರು ತೋರಿಸಬೇಕು. ಸೋತ ಸೆಟ್‌ಗಳನ್ನು ಎಣಿಸಿದ ಮಾತ್ರಕ್ಕೆ ಅದು ವಿಮರ್ಶೆಯಾಗದು.