ಫೋಟೋ ತೆಗೆಯೋಕೆ ಮುಂಚೆ ಒಂದು ಮಾತು ಕೇಳಿ



ದಾನಿಗಳು ಬಂದು ನಮಗೆ ನೋಟ್ ಪುಸ್ತಕ ಕೊಟ್ಟರು. ಉಪಕಾರವಾಯಿತು. ಆದರೆ ಪುಸ್ತಕ ಕೈಗಿಟ್ಟು, "ಇನ್ನೊಂದ್ಸಲ ಹಿಡಿ, ನಗು" ಅಂತ ಮೂರು ಸಲ ನನ್ನ ಫೋಟೋ ತೆಗೆದರು. ಸಂಜೆಗೆ ಅದು ಊರವರ ಮೊಬೈಲಿನಲ್ಲಿತ್ತು. "ಏನೋ, ಪುಕ್ಕಟೆ ಪುಸ್ತಕ ಸಿಕ್ತಂತೆ?" ಅಂತ ಅಂಗಡಿ ಮುಂದೆ ಕೇಳಿದರು. ಪಕ್ಕದಲ್ಲಿದ್ದ ಅಪ್ಪ ತಲೆ ತಗ್ಗಿಸಿದರು.

ಜಾತ್ರೆ, ಸಂತೆಯಲ್ಲಿ ಫೋಟೋ ತೆಗೆಯಬಾರದು ಅಂತ ನಾನು ಹೇಳುವುದಿಲ್ಲ. ತೇರಿನ ಫೋಟೋದಲ್ಲಿ ನೂರಾರು ಜನ ಇರುತ್ತಾರೆ. ಶಾಲೆ ಹಾಗಲ್ಲ. ಇಲ್ಲಿ ದೊಡ್ಡವರು "ನಿಲ್ಲು" ಅಂದರೆ ನಿಲ್ಲುತ್ತೇವೆ. ಅದು ಒಪ್ಪಿಗೆಯಲ್ಲ, ಅಂಜಿಕೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ದೊಡ್ಡವರಿಗೆ ಮಾತ್ರವೇ?

ಗುರುಗಳೇ, ಫೋಟೋಗೆ ಮೊದಲು ನಮ್ಮನ್ನೂ ನಮ್ಮ ಮನೆಯವರನ್ನೂ ಕೇಳಿ. ಬೇಡ ಎಂದವರನ್ನು ಪಕ್ಕಕ್ಕೆ ನಿಲ್ಲಲು ಬಿಡಿ. ದಾನಿಗಳಿಗೆ ಲೆಕ್ಕ ತೋರಿಸಬೇಕಾದರೆ ಪುಸ್ತಕದ ಕಟ್ಟಿನ ಫೋಟೋ ಸಾಕು. ಓಟದಲ್ಲಿ ಗೆದ್ದ ದಿನ ನಾನೇ ಬಂದು ಮುಂದೆ ನಿಲ್ಲುತ್ತೇನೆ, ಆಗ ಎಷ್ಟು ಬೇಕಾದರೂ ತೆಗೆಯಿರಿ.

– 9ನೇ ತರಗತಿ ವಿದ್ಯಾರ್ಥಿ