ಮುನ್ನೂರು ಮೀಟರಿನೊಳಗಿನ ಜೀವನೋಪಾಯ

2023ನೆಯ ಇಸವಿಯ ಸೆಪ್ಟೆಂಬರ್ 18ರಂದು, ರಿಯಾದ್ ನಗರದಲ್ಲಿ ಸಮಾವೇಶಗೊಂಡಿದ್ದ ವಿಶ್ವ ಪರಂಪರಾ ಸಮಿತಿಯು ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ ಎಂಬ ಮೂರು ದೇವಾಲಯಗಳನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿಕೊಂಡಿತೆಂಬ ವಾರ್ತೆ ಬಂದಾಗ ಹರ್ಷಪಡದ ಕನ್ನಡಿಗರು ವಿರಳ. ಅದಕ್ಕೆ ಒಂದೇ ದಿನ ಮುನ್ನ, ಸೆಪ್ಟೆಂಬರ್ 17ರಂದು, ಕೇಂದ್ರ ಸರ್ಕಾರವು ಪಿ.ಎಂ. ವಿಶ್ವಕರ್ಮ ಎಂಬ ಯೋಜನೆಯನ್ನು ಆರಂಭಿಸಿ, ಕಲ್ಲುಕುಟಿಗರೂ ಶಿಲ್ಪಿಗಳೂ ಸೇರಿದಂತೆ 18 ಕಸುಬುಗಳವರಿಗೆ ಉಪಕರಣಗಳಿಗಾಗಿ 15,000 ರೂಪಾಯಿಯನ್ನೂ, ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ರೂಪಾಯಿಯ ಸಾಲವನ್ನೂ ಕೊಡುವುದಾಗಿ ಘೋಷಿಸಿತ್ತು. ಬಳಪದ ಕಲ್ಲಿನಲ್ಲಿ ಸಣ್ಣ ವಿಗ್ರಹಗಳನ್ನು ಕಡೆದು ಯಾತ್ರಿಕರಿಗೆ ಮಾರಿ ಜೀವಿಸುವ ಹಳೇಬೀಡಿನ ತರುಣನೊಬ್ಬನು ಈ ಎರಡು ವಾರ್ತೆಗಳನ್ನೂ ಒಂದೇ ವಾರದಲ್ಲಿ ಕೇಳಿ, ತನ್ನ ಕಾಲ ಬಂದಿತೆಂದು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವನ ಹಿರಿಯರಿಂದ ಬಂದ ನಿವೇಶನವು ದೇವಾಲಯದ ಸಂರಕ್ಷಿತ ಆವರಣದಿಂದ 100 ಮೀಟರಿನೊಳಗೆ ಇದ್ದುದೇ ಆದರೆ, ಆ ಸಾಲದ ಹಣದಿಂದ ಅಲ್ಲಿ ಹೊಸದಾಗಿ ಒಂದು ಕಾರ್ಯಾಗಾರವನ್ನು ಎಬ್ಬಿಸುವುದು ಎರಡು ವರ್ಷದವರೆಗೆ ಸೆರೆಮನೆಗೆ, ಅಥವಾ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ, ಅಥವಾ ಎರಡಕ್ಕೂ ಗುರಿಮಾಡಬಲ್ಲ ಅಪರಾಧವಾಗುತ್ತದೆ.

ಒಂದೇ ರಾಜ್ಯಾಂಗದ ಒಂದು ಕೈ ಅವನಿಗೆ ಉಳಿಯನ್ನು ಕೊಡುತ್ತದೆ, ಇನ್ನೊಂದು ಕೈ ಕುಳಿತು ಕಡೆಯುವುದಕ್ಕೆ ಸ್ಥಳವನ್ನು ನಿರಾಕರಿಸುತ್ತದೆ. ಇದು ಅನ್ಯಾಯವೆಂದೂ, ದೇವಾಲಯದ ರಕ್ಷಣೆಗೆ ಇಂಥ ಅನ್ಯಾಯವು ಅನಿವಾರ್ಯವಲ್ಲವೆಂದೂ ನನ್ನ ದೃಢವಾದ ಅಭಿಪ್ರಾಯ.

ವಿಧಿಯ ಸ್ವರೂಪವನ್ನು ಮೊದಲು ತಿಳಿಯತಕ್ಕದ್ದು. ಪ್ರಾಚೀನ ಸ್ಮಾರಕಗಳಿಗೆ ಸಂಬಂಧಿಸಿದ 1958ರ ಕೇಂದ್ರ ಶಾಸನದ ಆಶ್ರಯದಲ್ಲಿ 1992ರ ಜೂನ್ 16ರಂದು ಹೊರಟ ಅಧಿಸೂಚನೆಯು ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರನ್ನು ನಿಷೇಧಿತ ಪ್ರದೇಶವೆಂದೂ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ಗೊತ್ತುಮಾಡಿತು. 2010ರ ತಿದ್ದುಪಡಿಯು ಅದನ್ನು ಶಾಸನದ ಒಡಲಿಗೇ ಸೇರಿಸಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವೆಂಬ ಸಂಸ್ಥೆಯನ್ನು ದೆಹಲಿಯಲ್ಲಿ ಸ್ಥಾಪಿಸಿತು. ಮೊದಲ ವಲಯದಲ್ಲಿ ಹೊಸ ಕಟ್ಟಡವೇ ಕೂಡದು; 1992ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿಗೂ ಅಪ್ಪಣೆ ಬೇಕು. ಎರಡನೆಯ ವಲಯದಲ್ಲಿ ಕಟ್ಟಬೇಕೆಂಬವನು ನಿರಾಕ್ಷೇಪಣಾ ಪತ್ರಕ್ಕೆ, ಜನರ ಬಾಯಲ್ಲಿ ಎನ್‌ಒಸಿ ಎಂಬ ಮೂರಕ್ಷರಕ್ಕೆ, ಅರ್ಜಿ ಹಾಕಬೇಕು. ಆ ಅರ್ಜಿ ರಾಜ್ಯದ ಸಕ್ಷಮ ಅಧಿಕಾರಿಯಿಂದ ಪ್ರಾಧಿಕಾರಕ್ಕೆ ಹೋಗಿ, ಅಲ್ಲಿಂದ ಮರಳಿ ಬಂದು, ಅನಂತರ ನಿರ್ಣಯವಾಗಬೇಕು. ಶಾಸನವೇ ಈ ಹಂತಗಳಿಗೆ ವಿಧಿಸಿರುವ ಅವಧಿಗಳನ್ನು ಕೂಡಿದರೆ ಮೂರೂವರೆ ತಿಂಗಳಾಗುತ್ತದೆ. ಒಂದು ಬಿಂದುವಿನಿಂದ ಅಳೆದರೂ 300 ಮೀಟರ್ ತ್ರಿಜ್ಯದ ವೃತ್ತವು ಸುಮಾರು 70 ಎಕರೆಯನ್ನು ಆವರಿಸುತ್ತದೆ. ಹಳೇಬೀಡಿನಲ್ಲಿಯಾದರೋ ಹೊಯ್ಸಳೇಶ್ವರವೊಂದೇ ಅಲ್ಲ, ಕೇದಾರೇಶ್ವರವುಂಟು, ಬಸ್ತಿಹಳ್ಳಿಯ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳುಂಟು, ಅಳತೆಯು ಬಿಂದುವಿನಿಂದಲ್ಲದೆ ಆವರಣದ ಅಂಚಿನಿಂದ ಹೊರಡುತ್ತದೆ. ನಗರವೊಂದರಲ್ಲಿ 70 ಎಕರೆ ಒಂದು ಬಡಾವಣೆಯ ಮೂಲೆ. ಹಳೇಬೀಡಿನಂಥ ಊರಿನಲ್ಲಿ ಅದು ಬಸ್ಸು ನಿಲ್ಲುವ ರಸ್ತೆ, ಅಂಗಡಿ ಬೀದಿ, ಹಳೆಯ ಮನೆಗಳ ಸಾಲು, ಅಂದರೆ ವ್ಯಾಪಾರಕ್ಕೆ ಯೋಗ್ಯವಾದ ನೆಲದ ಬಹುಭಾಗ.

ಈ ನಿರ್ಬಂಧವನ್ನು ಸಮರ್ಥಿಸುವವರ ವಾದವನ್ನು ಲಘುವಾಗಿ ಕಾಣಲಾಗದು. ಹೊಯ್ಸಳರ ಶಿಲ್ಪಿಗಳು ಆಯ್ದುಕೊಂಡ ಕಲ್ಲು ಮೃದುವಾದುದು. ಉಳಿಗೆ ಸುಲಭವಾಗಿ ಒಲಿದುದರಿಂದಲೇ ಕಿವಿಯೋಲೆಯ ಎಳೆಯವರೆಗೆ ಕೆತ್ತನೆ ಸಾಧ್ಯವಾಯಿತು, ಆ ಮೃದುತ್ವದಿಂದಲೇ ಅದಕ್ಕೆ ಹೊಗೆ, ಧೂಳು, ಕಂಪನಗಳ ಭಯವೂ ಹೆಚ್ಚು. ದೋರಸಮುದ್ರವೆಂಬ ರಾಜಧಾನಿಯ ಅವಶೇಷಗಳು ಈಗಿನ ಊರಿನ ಅಡಿಯಲ್ಲಿಯೂ ಸುತ್ತಲೂ ಹರಡಿಕೊಂಡಿವೆ. ಯಾವ ಪಾಯ ತೋಡಿದಲ್ಲಿ ಯಾವ ಗೋಡೆ ಸಿಕ್ಕೀತೆಂದು ಹೇಳಬಲ್ಲವರಿಲ್ಲ. ಗುಡಿಯ ಎದುರಿಗೆ ನಾಲ್ಕಂತಸ್ತಿನ ಗಾಜಿನ ವಸತಿಗೃಹವೊಂದು ಎದ್ದು ನಿಂತರೆ, ಪಟ್ಟಿಯಿಂದ ಹೆಸರು ಹೋಗುವುದಕ್ಕಿಂತ ಮೊದಲೇ ಊರಿನ ಮುಖದ ಗಾಂಭೀರ್ಯ ಹೋಗಿರುತ್ತದೆ. ಇವೆಲ್ಲವನ್ನೂ ನಾನು ಪೂರ್ಣವಾಗಿ ಒಪ್ಪುತ್ತೇನೆ. ಆ ನಾಲ್ಕಂತಸ್ತಿನ ಕಟ್ಟಡಕ್ಕೂ, ಹೆಂಚು ಹೊದೆಸಿದ ಒಂದಂಕಣದ ಮಳಿಗೆಗೂ, ನೆಲ ಅಗೆಯದೆ ನಿಲ್ಲಿಸಿ ಸಂಜೆಗೆ ಎತ್ತಿಡಬಹುದಾದ ಗೂಡಂಗಡಿಗೂ ಇರುವ ಭೇದವನ್ನು ಕಾಣಲಾರದಂತೆ ಮಾಡುವ ಸಮಾನತೆಯನ್ನು ಮಾತ್ರ ನಾನು ಒಪ್ಪಲಾರೆ. ದೇಶದ 3,600ಕ್ಕೂ ಮಿಕ್ಕ ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ, ಅದು ಅಡವಿಯ ನಡುವಿನ ಗವಿಯಾಗಲಿ, ದೆಹಲಿಯ ಗಲ್ಲಿಯ ಗೋರಿಯಾಗಲಿ, ಜನ ಬಾಳುತ್ತಿರುವ ಹಳ್ಳಿಯ ದೇವಾಲಯವಾಗಲಿ, ಒಂದೇ ಅಳತೆಯ ಹಗ್ಗವನ್ನು ಹಿಡಿದರೆ, ಅದರಲ್ಲಿ ಕಾಣುವುದು ಆಡಳಿತದ ಅನುಕೂಲವೇ ಹೊರತು ಸ್ಮಾರಕದ ಮೇಲಿನ ವಿವೇಕಯುಕ್ತವಾದ ಪ್ರೀತಿಯಲ್ಲ.

ಈ ಸಮಾನತೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದೂ ಇಲ್ಲ. ಬಂಡವಾಳವುಳ್ಳವನು ಬೇಲೂರು ರಸ್ತೆಯಲ್ಲಿಯೋ ಹಾಸನದ ರಸ್ತೆಯಲ್ಲಿಯೋ 301ನೆಯ ಮೀಟರಿನಿಂದಾಚೆಗೆ ಎರಡು ಎಕರೆಯನ್ನು ಕೊಂಡು, ಭೂಪರಿವರ್ತನೆ ಮಾಡಿಸಿ, ಉದ್ಯಾನ ಸಹಿತವಾದ ಉಪಾಹಾರ ಮಂದಿರವನ್ನು ತೆರೆಯಬಲ್ಲ. ಅವನ ಗಿರಾಕಿಗಳು ಕಾರುಗಳಲ್ಲಿ ಬರುವವರು, ಅವರಿಗೆ ಒಂದು ಮೈಲಿ ದೂರವು ದೂರವಲ್ಲ. ಊರಿನ ಹುಡುಗನಿಗೆ ಇರುವುದು ಅಜ್ಜ ಬಿಟ್ಟುಹೋದ ಮನೆ, ಅದರ ಜಗಲಿ, ಹಿತ್ತಿಲಿನ ಸ್ವಲ್ಪ ಜಾಗ. ಅವನ ಗಿರಾಕಿಗಳು ಬಸ್ಸಿಳಿದು ಗುಡಿಯವರೆಗೆ ನಡೆಯುವವರು. ಅವನು ಜಗಲಿಯನ್ನು ಮುಂದಕ್ಕೆ ತೆಗೆದು ಅಂಗಡಿ ಮಾಡಲಾರ, ಹಿತ್ತಿಲಿನಲ್ಲಿ ಎರಡು ಕೋಣೆ ಕಟ್ಟಿ ಹೋಂ ಸ್ಟೇ ನಡೆಸಲಾರ. ಯಾತ್ರಿಕರು ಒಂದೆರಡು ಗಂಟೆಗಳ ಕಾಲ ಶಿಲ್ಪಗಳನ್ನು ನೋಡಿ, 16 ಕಿಲೋಮೀಟರ್ ದೂರದ ಬೇಲೂರಿಗೋ, ಹಾಸನಕ್ಕೋ, ಚಿಕ್ಕಮಗಳೂರಿಗೋ ಹೋಗಿ ರಾತ್ರಿ ತಂಗುತ್ತಾರೆ. ಊಟದ ಹಣವೂ, ಕೋಣೆಯ ಹಣವೂ ಅವರೊಡನೆಯೇ ಊರು ಬಿಟ್ಟು ಹೋಗುತ್ತದೆ. ವಿಧಿಯನ್ನು ರಚಿಸಿದವರ ಉದ್ದೇಶ ಇದಾಗಿರಲಿಲ್ಲವೆಂದು ನಂಬುತ್ತೇನೆ; ಆದರೆ ಫಲವಂತೂ ಇದೇ: ದೇವಾಲಯವನ್ನು ತಲೆತಲಾಂತರದಿಂದ ಕಾದುಕೊಂಡು ಬಂದ ಊರಿಗೆ ಅದರ ಕೀರ್ತಿಯು ಸಂದಿತು, ಉತ್ಪತ್ತಿಯು ಹೊರಗಿನವರಿಗೆ ಸಂದಿತು.

ತರುಣರು ಉದ್ಯೋಗವನ್ನು ಬೇಡುವವರಾಗದೆ ಉದ್ಯೋಗವನ್ನು ಕೊಡುವವರಾಗಬೇಕೆಂಬ ಉಪದೇಶವನ್ನು ನಾವು ಪ್ರತಿಯೊಂದು ವೇದಿಕೆಯಿಂದಲೂ ಕೇಳುತ್ತಿದ್ದೇವೆ. ಹಾಸನ ಜಿಲ್ಲೆಯಲ್ಲಿ ಈ ಉಪದೇಶಕ್ಕೆ ಸದಾ ಒದಗುವ ನಿದರ್ಶನ ಕ್ಯಾಪ್ಟನ್ ಜಿ.ಆರ್. ಗೋಪಿನಾಥರದು, ಅದು ಒದಗುವುದು ಯುಕ್ತವೂ ಹೌದು. ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಬಂದು ಮನೆತನದ ಜಮೀನು ಮುಳುಗಡೆಯಾದಾಗ, ಪರಿಹಾರವಾಗಿ ದೊರೆತದ್ದು ಹಳೇಬೀಡಿಗೆ ಅನತಿದೂರದಲ್ಲಿರುವ, ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಬರಡು ನೆಲ. ಸೈನ್ಯವನ್ನು ಬಿಟ್ಟು ಬಂದ ಆ ತರುಣ ಅಲ್ಲಿ ಗುಡಾರ ಹಾಕಿಕೊಂಡು ನಿಂತು, ತೆಂಗು ನೆಟ್ಟು, ಹೈನು ಮಾಡಿ, ಕೋಳಿ ಸಾಕಿ, ಕೈಸುಟ್ಟುಕೊಂಡು, ಮತ್ತೆ ರೇಷ್ಮೆಗೆ ಕೈಹಾಕಿ, ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯನ್ನು ಪಡೆದರು. ಹಾಸನದಲ್ಲಿ ಮೋಟಾರ್ ಸೈಕಲ್ಲಿನ ಏಜೆನ್ಸಿ, ಹೋಟೆಲು ಇವುಗಳ ಮೂಲಕ ಸಾಗಿ, ಹೆಲಿಕಾಪ್ಟರ್ ಸೇವೆಗೂ, ಕೊನೆಗೆ 2003ರಲ್ಲಿ ಏರ್ ಡೆಕ್ಕನ್ ವಿಮಾನಗಳಿಗೂ ತಲುಪಿದ ಅವರ ಚರಿತ್ರೆಯು ಸಾಹಸದ ಚರಿತ್ರೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಉಪದೇಶಕರು ಇದರಲ್ಲಿ ಧೈರ್ಯವೊಂದನ್ನೇ ಎತ್ತಿ ತೋರಿಸಿ, ಧೈರ್ಯಕ್ಕೆ ಅಧಿಷ್ಠಾನವಾದ ನೆಲವನ್ನು ಮರೆತುಬಿಡುತ್ತಾರೆ. ಜಾವಗಲ್ಲಿನ ಆ ಭೂಮಿಯಲ್ಲಿ ಗುಡಾರ ಹೂಡಲು, ಕೊಟ್ಟಿಗೆ ಕಟ್ಟಲು, ಕೋಳಿಯ ಮನೆಯನ್ನು ಕೆಡವಿ ರೇಷ್ಮೆ ಹುಳುವಿನ ಮನೆಯನ್ನು ಎಬ್ಬಿಸಲು ದೆಹಲಿಯ ಅಪ್ಪಣೆ ಬೇಕಿರಲಿಲ್ಲ. ಉದ್ಯಮಿಯಾಗಲು ಹೊರಟವನಿಗೆ ಅತ್ಯಂತ ಅವಶ್ಯವಾದ ಸ್ವಾತಂತ್ರ್ಯವೆಂದರೆ ತಪ್ಪು ಮಾಡಿ, ತಿದ್ದಿಕೊಂಡು, ಬೇರೊಂದನ್ನು ಮಾಡಿ ನೋಡುವ ಸ್ವಾತಂತ್ರ್ಯ. ಒಂದು ಗೋಡೆಗೆ ಮೂರೂವರೆ ತಿಂಗಳು ಕಾಯಬೇಕಾದವನಿಗೆ ಎರಡನೆಯ ಪ್ರಯತ್ನವೆಂಬುದಿಲ್ಲ. ಅಷ್ಟರೊಳಗೆ ಪ್ರವಾಸಿಗರ ಋತು ಮುಗಿದು, ಕೈಯಲ್ಲಿದ್ದ ಅಲ್ಪ ಹಣವೂ ಮುಗಿದಿರುತ್ತದೆ.

ರಾಜ್ಯದ 2025–30ರ ನವೋದ್ಯಮ ನೀತಿಯು ಸುಮಾರು 518 ಕೋಟಿ ರೂಪಾಯಿಗಳನ್ನು ನಿಗದಿಮಾಡಿ, ಐದು ವರ್ಷಗಳಲ್ಲಿ 25,000 ಸ್ಟಾರ್ಟಪ್‌ಗಳನ್ನೂ, ಅವುಗಳಲ್ಲಿ 10,000ವನ್ನು ಬೆಂಗಳೂರಿನ ಹೊರಗೂ ಬೆಳೆಸುವ ಸಂಕಲ್ಪವನ್ನು ಮಾಡಿದೆ. ಸಂಕಲ್ಪವು ಸ್ತುತ್ಯವಾದುದು. ಬೆಂಗಳೂರಿನ ಹೊರಗೆಂದರೆ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಷ್ಟೇ ಅಲ್ಲವಷ್ಟೆ. ಕೊಬ್ಬರಿ ವ್ಯಾಪಾರದ ಅರಸೀಕೆರೆಯೂ, ಕಾಫಿಯ ಬೇಲೂರೂ, ಶಿಲ್ಪದ ಹಳೇಬೀಡೂ ಅದರೊಳಗೇ ಬರುತ್ತವೆ. ಆದರೆ ಗಣಕಯಂತ್ರದ ಮುಂದೆ ಕುಳಿತು ಮಾಡುವ ಉದ್ಯಮವನ್ನೇ ಉದ್ಯಮವೆಂದು ಎಣಿಸುವ ದೃಷ್ಟಿಯಲ್ಲಿ, ಬಳಪದ ಕಲ್ಲಿನ ವಿಗ್ರಹವನ್ನು ಅಮೆರಿಕದ ಕನ್ನಡ ಕೂಟದವರಿಗೆ ಅಂಚೆಯಲ್ಲಿ ಕಳುಹಿಸಿ ಮಾರಬಲ್ಲ ಹುಡುಗನೂ, ರಾಗಿಯ ತಿಂಡಿಗಳನ್ನು ಪೊಟ್ಟಣ ಕಟ್ಟುವ ಹೆಣ್ಣುಮಗಳೂ, ಶಾಸನ ಶಿಲ್ಪಗಳನ್ನು ಓದಿ ವಿವರಿಸಬಲ್ಲ ಮಾರ್ಗದರ್ಶಿಗಳ ತಂಡವನ್ನು ಕಟ್ಟಬಯಸುವ ಪದವೀಧರನೂ ಎಷ್ಟರಮಟ್ಟಿಗೆ ಬೀಳುವರೆಂಬುದು ನನ್ನ ಚಿಂತೆ. ಇವರಿಗೆಲ್ಲ ಬೇಕಾದ ಮೊದಲ ಸಹಾಯ ಹಣವಲ್ಲ. ಊರ ನಡುವೆ, ಜನ ಓಡಾಡುವಲ್ಲಿ, ನಿಯಮಬದ್ಧವಾದ ಹತ್ತಡಿ ಜಾಗ.

ಜಾಗದ ಪ್ರಶ್ನೆಯನ್ನು ಕಾಲದಲ್ಲಿ ಬಗೆಹರಿಸದಿದ್ದರೆ ಏನಾಗುವುದೆಂಬುದನ್ನು ನಾವು ಹಂಪಿಯಲ್ಲಿ ಕಂಡಿದ್ದೇವೆ. 1986ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕ್ಷೇತ್ರದಲ್ಲಿ, ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನಲ್ಲಿ ದಶಕಗಳ ಕಾಲ ಜನ ನೆಲೆಸಿ ಹೋಟೆಲು, ಅಂಗಡಿ, ವಸತಿ ನಡೆಸುತ್ತಿದ್ದುದನ್ನು ಅಧಿಕಾರಿಗಳು ನೋಡುತ್ತಲೇ ಇದ್ದರು. 2011ರ ಜುಲೈ ತಿಂಗಳಲ್ಲಿ ಯಂತ್ರಗಳು ಬಂದು, ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ನದಿಯಾಚೆಯ ವಿರೂಪಾಪುರ ಗಡ್ಡೆಯ ವಸತಿಗೃಹಗಳು 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬೆನ್ನಿಗೇ ನೆಲಸಮವಾದವು. ಆ ಅಂಗಡಿಗಳಲ್ಲಿ ಅತಿಕ್ರಮಣವಿರಲಿಲ್ಲವೆಂದಾಗಲಿ, ಪ್ರಾಚೀನ ಮಂಟಪಗಳಿಗೆ ಅಪಚಾರವಾಗಿರಲಿಲ್ಲವೆಂದಾಗಲಿ ನಾನು ಹೇಳುವುದಿಲ್ಲ. ನ್ಯಾಯವಾದ ಮಾರ್ಗವನ್ನು ತೆರೆಯದೆ ಕಣ್ಣುಮುಚ್ಚಿಕೊಂಡಿರುವ ಆಡಳಿತವು ಮೊದಲು ಜನರನ್ನು ಅಕ್ರಮಕ್ಕೆ ದೂಡಿ, ಅನಂತರ ಅಕ್ರಮವೆಂಬ ಕಾರಣಕ್ಕೆ ದಂಡಿಸುತ್ತದೆಂಬುದೇ ನನ್ನ ಆಕ್ಷೇಪಣೆ. ಹಳೇಬೀಡಿನಲ್ಲಿ ಈಗ ಹಾಕುವ ಒಂದೊಂದು ತಗಡಿನ ಚಪ್ಪರವೂ ಆ ದಾರಿಯ ಮೊದಲ ಹೆಜ್ಜೆಯಾಗದಂತೆ ನೋಡಿಕೊಳ್ಳುವ ಕಾಲ ಇನ್ನೂ ಮೀರಿಲ್ಲ.

ಪರಿಹಾರವನ್ನು ಬೇರೆಲ್ಲಿಯೋ ಹುಡುಕಬೇಕಾಗಿಲ್ಲ. ಅದು ಆ ಶಾಸನದಲ್ಲಿಯೇ ಇದೆ. 2010ರ ತಿದ್ದುಪಡಿಯ 20ಇ ಪ್ರಕರಣವು ಪ್ರತಿಯೊಂದು ಸಂರಕ್ಷಿತ ಸ್ಮಾರಕಕ್ಕೂ ಅದರದರ ಸನ್ನಿವೇಶಕ್ಕೆ ತಕ್ಕಂತೆ ಪಾರಂಪರಿಕ ಉಪವಿಧಿಗಳನ್ನು, ಕಚೇರಿಯ ಭಾಷೆಯಲ್ಲಿ ಹೆರಿಟೇಜ್ ಬೈಲಾ ಎಂಬುವನ್ನು, ತಜ್ಞ ಸಂಸ್ಥೆಗಳೊಡನೆ ಸಮಾಲೋಚಿಸಿ ರಚಿಸತಕ್ಕದ್ದೆಂದು ಆಜ್ಞಾಪಿಸುತ್ತದೆ: ಎತ್ತರವೆಷ್ಟು, ಮುಂಭಾಗದ ರೂಪವೇನು, ಚರಂಡಿ ಹೇಗೆ, ದಾರಿದೀಪ ಎಲ್ಲಿ ಎಂಬ ವಿವರಗಳೆಲ್ಲ ಅದರಲ್ಲಿ ಬರತಕ್ಕವು. ಹದಿನೈದು ವರ್ಷಗಳು ಕಳೆದರೂ ದೇಶದ ಬಹುಪಾಲು ಸ್ಮಾರಕಗಳಿಗೆ ಅವು ದೊರೆತಿಲ್ಲ. ನಿಷೇಧದ ಅರ್ಧವು ಅಂದಿನಿಂದಲೇ ಜಾರಿಯಲ್ಲಿದೆ, ವಿವೇಚನೆಯ ಅರ್ಧವು ಕಾಗದದಲ್ಲಿ ಉಳಿದಿದೆ. ಸಂಸತ್ತಿನ ಸ್ಥಾಯೀ ಸಮಿತಿಯೇ 2023ರಲ್ಲಿ ಈ ಏಕರೂಪದ ದೂರದಿಂದ ಸ್ಥಳೀಯರಿಗಾಗುವ ತೊಂದರೆಯನ್ನು ಎತ್ತಿ ಹೇಳಿತು. ಇದಕ್ಕೂ ಮೊದಲು, 2018ರ ಜನವರಿಯಲ್ಲಿ, ಲೋಕಸಭೆಯು ನಿಷೇಧಿತ ವಲಯವನ್ನು ಸಡಿಲಿಸುವ ಒಂದು ಮಸೂದೆಯನ್ನು ಅಂಗೀಕರಿಸಿದ್ದುಂಟು. ಆದರೆ ಆ ಸಡಿಲಿಕೆಯು ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗಳಿಗೆ ಉದ್ದಿಷ್ಟವಾಗಿತ್ತೇ ಹೊರತು, ಜಗಲಿಯಲ್ಲಿ ಕುಳಿತು ಕಲ್ಲು ಕಡೆಯುವವನಿಗೆ ಅಲ್ಲ. ರಾಜ್ಯಸಭೆ ಅದನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿತು. ಪ್ರಭುತ್ವವು ತನ್ನ ಮೇಲ್ಸೇತುವೆಗೆ ಕಷ್ಟವಾದಾಗ ವಿಧಿಯನ್ನು ತಿದ್ದಲು ಎದ್ದಿತು. ಪ್ರಜೆಯ ಮಳಿಗೆಗೆ ಕಷ್ಟವಾದಾಗ ಎದ್ದಿಲ್ಲ.

ಈ ದೇವಾಲಯಗಳು ವ್ಯಾಪಾರವನ್ನು ದೂರವಿಟ್ಟು ಹುಟ್ಟಿದವುಗಳೂ ಅಲ್ಲ. ದೋರಸಮುದ್ರವು ಸೆಟ್ಟಿಗಳ, ಪಟ್ಟಣಸ್ವಾಮಿಗಳ, ದೇಶಾಂತರ ವ್ಯವಹಾರಿಗಳ ನಗರ. ಹೊಯ್ಸಳರ ಕಾಲದ ಶಾಸನಗಳಲ್ಲಿ ಅವರ ದಾನದತ್ತಿಗಳ ಉಲ್ಲೇಖ ಹೇರಳವಾಗಿದೆ. ಹೊಯ್ಸಳೇಶ್ವರವನ್ನು ಕಟ್ಟಿಸಿದ ಯಶಸ್ಸು ಅರಸ ವಿಷ್ಣುವರ್ಧನನಿಗಿಂತ ಮಿಗಿಲಾಗಿ ಅವನ ಅಧಿಕಾರಿಯಾದ ಕೇತಮಲ್ಲನಿಗೆ ಸಲ್ಲುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರನ್ನೂ ಊರನ್ನೂ ಕೊರೆದು ಇಟ್ಟರು. ಕೆಲಸವನ್ನು ಹುಡುಕಿಕೊಂಡು ಒಂದು ಪಟ್ಟಣದಿಂದ ಇನ್ನೊಂದಕ್ಕೆ ಹೋಗಿ, ತಮ್ಮ ಹೆಸರಿಗೆ ಬೆಲೆ ಬರುವಂತೆ ನಡೆದುಕೊಂಡ ಸ್ವತಂತ್ರ ವೃತ್ತಿಗಾರರು ಅವರು. ಆ ವೃತ್ತಿಯಲ್ಲಿ ಇಂದು ದುಡಿಯುತ್ತಿರುವವರನ್ನು ಆ ಗುಡಿಯಿಂದ 300 ಮೀಟರ್ ಆಚೆಗೆ ಕಳುಹಿಸಿದರೆ, ಕಲ್ಲಿನ ಪರಂಪರೆಯನ್ನು ಉಳಿಸಿಕೊಂಡು ಕೈಯ ಪರಂಪರೆಯನ್ನು ಬಿಟ್ಟುಕೊಟ್ಟಂತಾಗುವುದಿಲ್ಲವೆ?

ಆದಕಾರಣ ಹೊಯ್ಸಳೇಶ್ವರ, ಕೇದಾರೇಶ್ವರ ಮತ್ತು ಬಸದಿಗಳ ಸುತ್ತಲಿನ ಪ್ರದೇಶಕ್ಕೆ ಅನ್ವಯಿಸುವ ಉಪವಿಧಿಗಳು ಇನ್ನು ವಿಳಂಬವಿಲ್ಲದೆ ಜಾರಿಗೆ ಬರಬೇಕು. ಅವುಗಳಲ್ಲಿ ಒಂದೇ ಅಂತಸ್ತಿನ, ಹೆಂಚಿನ ಮಾಡಿನ ಮಳಿಗೆಗೂ, ಇರುವ ಮನೆಯನ್ನೇ ಅತಿಥಿಗಳಿಗೆ ಒಪ್ಪುವಂತೆ ಮಾಡಿಕೊಳ್ಳುವುದಕ್ಕೂ ಸ್ಪಷ್ಟವಾದ ಅವಕಾಶವಿರಲಿ. ಎತ್ತರದ ಕಟ್ಟಡಕ್ಕೂ ಆಳದ ಪಾಯಕ್ಕೂ ಈಗಿನದಕ್ಕಿಂತ ಬಿಗಿಯಾದ ನಿಷೇಧವಿರಲಿ. 100 ಮೀಟರಿನೊಳಗೆ ಶಾಸನವೇ ತಿದ್ದುಪಡಿಯಾಗದೆ ಕಟ್ಟಲಾಗದಾದುದರಿಂದ, ಅಲ್ಲಿಯವರೆಗೆ ನೆಲ ಅಗೆಯದ, ಎತ್ತಿಡಬಹುದಾದ ಅಂಗಡಿಗಳಿಗೆ ಪುರಾತತ್ವ ಇಲಾಖೆಯೂ ಗ್ರಾಮ ಪಂಚಾಯಿತಿಯೂ ಕೂಡಿ ಜಾಗ ಗುರುತಿಸಿ, ಊರಿನ ತರುಣ ತರುಣಿಯರಿಗೇ ಮೊದಲು ಕೊಡಲಿ. ಎನ್‌ಒಸಿಯ ಅರ್ಜಿಗಳನ್ನು ಬೇಲೂರಿನ ತಾಲ್ಲೂಕು ಕಚೇರಿಯಲ್ಲಿಯೇ ಸ್ವೀಕರಿಸಿ, ಅವಧಿ ಮೀರಿದ ಪ್ರತಿಯೊಂದು ಅರ್ಜಿಗೂ ಕಾರಣವನ್ನು ಬರೆದು ತಿಳಿಸುವ ಹೊಣೆ ಒಬ್ಬ ಅಧಿಕಾರಿಯ ಮೇಲಿರಲಿ.

ಉಪವಿಧಿಗಳ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಬೇಕೆಂದು 2011ರ ನಿಯಮಗಳು ಹೇಳುತ್ತವೆ. ಜಾಲತಾಣದ ಒಂದು ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರೆ ಆ ನಿಯಮದ ಅಕ್ಷರವನ್ನು ಪಾಲಿಸಿದಂತಾದೀತು, ಆಶಯವನ್ನಲ್ಲ. ಕರಡು ಕನ್ನಡದಲ್ಲಿ ಬರಲಿ, ನಕ್ಷೆ ಸಹಿತವಾಗಿ ಹಳೇಬೀಡಿನ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಲಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲ್ಪಡಲಿ. ತನ್ನ ಮನೆಯ ಮೇಲೆ ಎಳೆದ ಗೆರೆ ಯಾವುದು, ಅದರೊಳಗೆ ತಾನು ಏನನ್ನು ಮಾಡಬಹುದು ಎಂಬುದನ್ನು ಆ ಬೀದಿಯ ಹುಡುಗನೊಬ್ಬ ಅಧಿಕಾರಿಗಳನ್ನು ಎದುರಿಗೆ ನಿಂತು ಕೇಳುವಂತಾಗಲಿ, ಅವನಿಗೆ ಕೊಟ್ಟ ಉತ್ತರವನ್ನು ಸಭೆಯ ನಡವಳಿಯಲ್ಲಿ ಬರೆದಿಡಲಿ.