ಕಾರು ಕುದಿಯಿತೆಂದು ರೇಡಿಯೇಟರ್ ಎಸೆಯಬೇಡಿ

ಹಳೆಯ ಕಾರನ್ನು ಪ್ರೀತಿಯಿಂದ ದುರಸ್ತಿ ಮಾಡಿಸುವವರೇ ಇವತ್ತು ಅದಕ್ಕೆ ಸರಿಪಡಿಸಲಾಗದಂಥ ಹಾನಿ ಮಾಡುತ್ತಿದ್ದಾರೆ. ಹೀಗೆಂದರೆ ಈ ಪತ್ರ ಓದುವ ಕೆಲವರಿಗೆ ಕೋಪ ಬರಬಹುದು. ಬರಲಿ. ನಾನೂ ಅವರಲ್ಲೊಬ್ಬ. ಹಾಗಾಗಿ ಬೇರೆಯವರ ತಪ್ಪು ಎಣಿಸುವ ಮುಂಚೆ ನನ್ನದನ್ನೇ ಹೇಳಿಬಿಡುತ್ತೇನೆ.

ಅಪ್ಪನದು 1978ರ ಪ್ರೀಮಿಯರ್ ಪದ್ಮಿನಿ. ಅವರು ತೀರಿಕೊಂಡ ಮೇಲೆ ಧಾರವಾಡದ ಮನೆಯ ಶೆಡ್ಡಿನಲ್ಲಿ ಆರು ವರ್ಷ ಧೂಳು ತಿನ್ನುತ್ತ ನಿಂತಿತ್ತು. ಲಾರಿ ಮೇಲೆ ಏರಿಸಿ ಪುಣೆಗೆ ತರಿಸಿದೆ. ಇಲ್ಲಿನ ಒಂದು ರಿಸ್ಟೋರೇಶನ್ ಗ್ಯಾರೇಜಿನಲ್ಲಿ ಹದಿನಾಲ್ಕು ತಿಂಗಳು ಕೆಲಸ ನಡೆಯಿತು. ತುಕ್ಕು ತೆಗೆದರು, ಬಣ್ಣ ಹೊಡೆದರು, ಸೀಟು ಹೊಲಿಸಿದರು. ಕೊನೆಗೆ ಗ್ಯಾರೇಜಿನವರು ಬಾನೆಟ್ ಎತ್ತಿ, ‘ಈ ಹಿತ್ತಾಳೆ ರೇಡಿಯೇಟರ್ ಕಾಲ ಮುಗೀತು ಸರ್. ಅಲ್ಯೂಮಿನಿಯಂದು ಹಾಕೋಣ, ಗಾಡಿ ಯಾವತ್ತೂ ಬಿಸಿಯಾಗಲ್ಲ’ ಎಂದರು. ರೇಡಿಯೇಟರಿಗೆ 16,000 ರೂಪಾಯಿ, ಕೂಡಿಸುವ ಕೂಲಿ ಬೇರೆ. ನಾನು ಹೂಂ ಅಂದೆ.

ಗಾಡಿ ತರಲು ಹೋದ ದಿನ ನೋಡಿದರೆ, ಹೊಸ ರೇಡಿಯೇಟರ್ ಹಳೆಯದಕ್ಕಿಂತ ಅಗಲವಾಗಿತ್ತು. ಅದು ಕೂರಲೆಂದು ಮುಂದಿನ ತಗಡನ್ನು ಎರಡೂ ಕಡೆ ಎರಡೆರಡು ಬೆರಳಿನಷ್ಟು ಗ್ರೈಂಡರ್‌ನಿಂದ ಕತ್ತರಿಸಿದ್ದರು. ಹೊಸದಾಗಿ ನಾಲ್ಕು ತೂತು ಕೊರೆದಿದ್ದರು. ‘ಹಳೇದು ಎಲ್ಲಿ?’ ಎಂದು ಕೇಳಿದೆ. ‘ಗುಜರಿಗೆ ಹೋಯ್ತು ಸರ್.’ ತಾಮ್ರ, ಹಿತ್ತಾಳೆಯ ತೂಕಕ್ಕೆ ಯಾರಿಗೋ ದುಡ್ಡು ಬಂದಿತ್ತು. ನನ್ನ ಬಿಲ್ಲಿನಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಮೇ ತಿಂಗಳಲ್ಲಿ ಅದೇ ಗಾಡಿಯಲ್ಲಿ ಧಾರವಾಡಕ್ಕೆ ಹೊರಟೆ. ಪುಣೆಯಿಂದ ಸಾತಾರಾ ದಾರಿ ಹಿಡಿದವರಿಗೆಲ್ಲ ಖಂಬಾಟ್ಕಿ ಘಾಟ್ ಗೊತ್ತು. ಅರ್ಧ ಏರುವಷ್ಟರಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ರಸ್ತೆ ಬದಿಗೆ ನಿಂತು, ಪಕ್ಕದಲ್ಲೇ ಹಾದುಹೋಗುವ ಲಾರಿಗಳನ್ನು ಎರಡು ತಾಸು ಎಣಿಸಿದೆ. ಅಲ್ಲಲ್ಲಿ ನಿಲ್ಲಿಸಿ, ಆರಿಸಿ, ನೀರು ತುಂಬಿಸುತ್ತ ಮರುದಿನ ಹೇಗೋ ಹುಬ್ಬಳ್ಳಿ ತಲುಪಿ ಹಳೆಯ ರೇಡಿಯೇಟರ್ ಮೇಸ್ತ್ರಿಯೊಬ್ಬರ ಅಂಗಡಿ ಮುಂದೆ ಗಾಡಿ ನಿಲ್ಲಿಸಿದೆ.

ಅವರು ಹೊಳೆಯುವ ಅಲ್ಯೂಮಿನಿಯಂ ಕಡೆ ಸರಿಯಾಗಿ ನೋಡಲೂ ಇಲ್ಲ. ಇಂಜಿನ್ ತಣ್ಣಗಾದ ಮೇಲೆ ಮೇಲಿನ ಹೋಸ್ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿ ತೋರಿಸಿದರು. ಬೆರಳಿಗೆ ಕಂದು ಕೆಸರು. ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ. ವಾಟರ್ ಪಂಪ್ ಬಿಚ್ಚಿದರೆ ಅದರ ರೆಕ್ಕೆಗಳು ತುಕ್ಕು ತಿಂದು ಮೊಂಡಾಗಿದ್ದವು. ಬ್ಲಾಕಿನ ಬದಿಯ ಪ್ಲಗ್ ತೆಗೆದು ತಂತಿ ಹಾಕಿ ಕೆದಕಿದರೆ, ಹಿಂದಿನ ಸಿಲಿಂಡರ್ ಸುತ್ತ ಗಟ್ಟಿಯಾಗಿ ಕೂತಿದ್ದ ತುಕ್ಕಿನ ರಾಡಿ ಉಂಡೆಯಾಗಿ ಹೊರಬಂತು. ಎಷ್ಟೋ ವರ್ಷಗಳ ಬೋರ್‌ವೆಲ್ ನೀರಿನ ಫಲ.

‘ಸಾಹೇಬ್ರ, ಡಬ್ಬಿ ಹೊಸಾದು ಐತಿ, ಖರೆ. ಆದ್ರ ನೀರು ಅಲ್ಲೀತನಕಾ ಬರಬೇಕಲ್ರಿ?’ ಎಂದರು.

ಈ ಒಂದು ಮಾತನ್ನು ಹದಿನಾಲ್ಕು ತಿಂಗಳಲ್ಲಿ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕಾರು ಬಿಸಿಯಾಗುವುದು ಒಂದು ಲಕ್ಷಣ. ಜ್ವರ ಬಂದವನಿಗೆ ಜ್ವರ ಯಾಕೆ ಬಂತೆಂದು ನೋಡದೆ ಹಾಸಿಗೆ ಬದಲಿಸಿದರೆ ಏನಾಗುತ್ತದೋ, ಕಾರಣ ಹುಡುಕದೆ ರೇಡಿಯೇಟರ್ ಬದಲಿಸಿದರೂ ಅದೇ ಆಗುತ್ತದೆ. ಫ್ಯಾನ್ ಬೆಲ್ಟ್ ಸಡಿಲವಾಗಿದ್ದರೆ ಬಿಸಿಯಾಗುತ್ತದೆ. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೆ ಬಿಸಿಯಾಗುತ್ತದೆ. ಕಾರ್ಬುರೇಟರ್ ಪೆಟ್ರೋಲ್ ಕಡಿಮೆ ಕೊಡುತ್ತಿದ್ದರೆ, ಬ್ರೇಕ್ ಹಿಡಿದುಕೊಂಡೇ ಇದ್ದರೆ, ಕೆಳಗಿನ ಹೋಸ್ ಮೆತ್ತಗಾಗಿ ಪಂಪ್ ಎಳೆದಾಗ ಚಪ್ಪಟೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಸೋರಿ ಉರಿದ ಗಾಳಿ ನೀರಿಗೆ ಸೇರುತ್ತಿದ್ದರೆ, ಎಲ್ಲಕ್ಕೂ ಮುಳ್ಳು ಕೆಂಪಿಗೇ ಹೋಗುತ್ತದೆ. ಇವುಗಳಲ್ಲಿ ಒಂದನ್ನೂ ಹೊಸ ರೇಡಿಯೇಟರ್ ಸರಿಮಾಡುವುದಿಲ್ಲ. ಹೆಚ್ಚೆಂದರೆ ಕೆಲವು ದಿನ ಮುಚ್ಚಿಡುತ್ತದೆ.

ನಮ್ಮ ಊರಿನ ಗ್ಯಾರೇಜುಗಳ ಹಳೆಯ ಚಾಳಿಯೊಂದಿದೆ. ಗಾಡಿ ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. ‘ನಮ್ಮ ದೇಶದ ಸೆಕೆಗೆ ಅದು ಬೇಕಿಲ್ಲ’ ಎಂಬ ವಾದ. ಅದು ತಪ್ಪು. ಥರ್ಮೋಸ್ಟಾಟ್ ಇಲ್ಲದಿದ್ದರೆ ಇಂಜಿನ್ ತನಗೆ ಬೇಕಾದ ಶಾಖಕ್ಕೆ ಬರಲು ತಡವಾಗಿ ಸವೆತ ಹೆಚ್ಚುತ್ತದೆ. ಬೈಪಾಸ್ ದಾರಿಯನ್ನು ಥರ್ಮೋಸ್ಟಾಟೇ ಮುಚ್ಚಬೇಕಾದ ಇಂಜಿನ್‌ಗಳಲ್ಲಿ ಅದನ್ನು ಕಿತ್ತರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತುತ್ತಿರುತ್ತದೆ. ತಂಪು ಮಾಡಲು ಕಿತ್ತದ್ದೇ ಬಿಸಿಗೆ ಕಾರಣವಾಗುತ್ತದೆ.

ಇನ್ನು ಅಲ್ಯೂಮಿನಿಯಂ ಮಹಿಮೆ. ‘ಅಲ್ಯೂಮಿನಿಯಂ ಶಾಖವನ್ನು ಬೇಗ ಬಿಡುತ್ತದೆ’ ಎಂಬ ಮಾತನ್ನು ಮಾರುವವರೆಲ್ಲ ಹೇಳುತ್ತಾರೆ. ಶಾಖ ಸಾಗಿಸುವ ಶಕ್ತಿಯನ್ನು ಅಳೆದರೆ ಶುದ್ಧ ತಾಮ್ರದ್ದು ಸುಮಾರು 400, ಶುದ್ಧ ಅಲ್ಯೂಮಿನಿಯಂದು ಸುಮಾರು 235. ಲೋಹವನ್ನಷ್ಟೇ ನೋಡಿದರೆ ತಾಮ್ರವೇ ಮುಂದೆ. ಆದರೆ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಹಳೆಯ ರೇಡಿಯೇಟರಿನಲ್ಲಿ ನಳಿಗೆಗಳು ಹಿತ್ತಾಳೆಯವು, ರೆಕ್ಕೆಗಳು ಮಾತ್ರ ತಾಮ್ರದವು, ನಡುವೆ ಸೀಸ-ತವರದ ಬೆಸುಗೆ. ಆ ಬೆಸುಗೆ ಶಾಖಕ್ಕೆ ಅಷ್ಟು ಒಳ್ಳೆಯ ದಾರಿಯಲ್ಲ. ಅಲ್ಯೂಮಿನಿಯಂನಲ್ಲಿ ಅಗಲವಾದ ನಳಿಗೆ ಮಾಡಬಹುದು. ಹಾಗಾಗಿ ಚೆನ್ನಾಗಿ ಮಾಡಿದ ಅಲ್ಯೂಮಿನಿಯಂ ರೇಡಿಯೇಟರ್ ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ನಾನು ಅದರ ವೈರಿಯಲ್ಲ.

ಆದರೆ ಕಾರು ಕಂಪನಿಗಳು ಅಲ್ಯೂಮಿನಿಯಂಗೆ ಹೋದದ್ದಕ್ಕೆ ಮುಖ್ಯ ಕಾರಣ ತೂಕ ಮತ್ತು ಖರ್ಚು. ತಾಮ್ರ ಅದರ ಮೂರು ಪಟ್ಟಿಗಿಂತ ಹೆಚ್ಚು ಭಾರ. ಅಲ್ಯೂಮಿನಿಯಂ ರೇಡಿಯೇಟರನ್ನು ಇಡಿಯಾಗಿ ಒಲೆಯೊಳಗೆ ಕಳಿಸಿ ಬೆಸೆದು ಸಾವಿರಗಟ್ಟಲೆ ತೆಗೆಯಬಹುದು. ಇದು ಕಾರ್ಖಾನೆಯ ಲೆಕ್ಕ. 1089 ಸಿಸಿಯ, ಸುಮಾರು 40 ಅಶ್ವಶಕ್ತಿಯ ಪದ್ಮಿನಿಗೆ ಆ ಲೆಕ್ಕದಿಂದ ಏನೂ ಆಗಬೇಕಿಲ್ಲ. ಕುರ್ಲಾದ ಕಾರ್ಖಾನೆಯಿಂದ ಹೊರಬಿದ್ದ ಇದೇ ಗಾಡಿ ದಶಕಗಟ್ಟಲೆ ಕಾಳಿ-ಪೀಲಿಯಾಗಿ ಮುಂಬೈಯ ಟ್ರಾಫಿಕ್ಕಿನಲ್ಲಿ ದುಡಿಯಿತು. 2023ರ ಅಕ್ಟೋಬರ್‌ನಲ್ಲಿ ಆ ಟ್ಯಾಕ್ಸಿಗಳ ಕಾಲ ಮುಗಿದದ್ದು ಸರ್ಕಾರ ಹಾಕಿದ ವಯಸ್ಸಿನ ಮಿತಿಯಿಂದ, ರೇಡಿಯೇಟರಿನಿಂದಲ್ಲ.

ದುರಸ್ತಿಯ ವಿಚಾರವನ್ನೂ ನೋಡಿ. ಹಿತ್ತಾಳೆಯ ರೇಡಿಯೇಟರ್ ಕಟ್ಟಿಕೊಂಡರೆ ಮೇಸ್ತ್ರಿ ಮೇಲಿನ ತೊಟ್ಟಿಯ ಬೆಸುಗೆ ಕರಗಿಸಿ ಬಿಚ್ಚುತ್ತಾರೆ, ನಳಿಗೆಗಳಲ್ಲಿ ಸಲಾಕೆ ಆಡಿಸಿ ಕಸ ತೆಗೆಯುತ್ತಾರೆ, ಮತ್ತೆ ಬೆಸೆಯುತ್ತಾರೆ. ನಳಿಗೆಗಳೇ ಹಾಳಾಗಿದ್ದರೆ ನಡುವಿನ ಕೋರ್ ಮಾತ್ರ ಹೊಸದು ಹಾಕಿ ಹಳೆಯ ತೊಟ್ಟಿಗಳನ್ನೇ ಕೂಡಿಸುತ್ತಾರೆ. ಇದೇ ರೀಕೋರಿಂಗ್. ಹೊರಗಿನಿಂದ ನೋಡಿದರೆ ಅದೇ ರೇಡಿಯೇಟರ್, ಅದೇ ಅಳತೆ, ಅದೇ ತೂತುಗಳು. ತಗಡು ಕತ್ತರಿಸುವ ಮಾತೇ ಬರುವುದಿಲ್ಲ. ಅಲ್ಯೂಮಿನಿಯಂದು ಘಾಟಿನಲ್ಲಿ ಸೋರಿದರೆ ರಸ್ತೆ ಬದಿಯ ಬೆಸುಗೆಯವರು ಕೈಯಾಡಿಸುತ್ತಾರೆ.

ಈಗ ಆ ಕತ್ತರಿಸಿದ ತಗಡಿನ ಮಾತು. ನನ್ನ ತಕರಾರಿನ ತಿರುಳು ಇದೇ. ಫಿಯಟ್ 1100ರ ವಂಶದ ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ. ತಗಡಿನ ಮೈಯೇ ಅದರ ಎಲುಬು. ಅಲ್ಲಿ ಗ್ರೈಂಡರ್ ಆಡಿಸುವುದು ಪರದೆಯ ಬಟ್ಟೆ ಕತ್ತರಿಸಿದ ಹಾಗಲ್ಲ. ಕಾನೂನಿನ ಮಾತೂ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನಿಯಮ ತಂದಿತು. 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ ಶೆಲ್ ಅಥವಾ ಇಂಜಿನ್‌ನಲ್ಲಿ ಮಾರ್ಪಾಡು ಮಾಡಿದಂಥ ದೊಡ್ಡ ಬದಲಾವಣೆ ಆಗಿರಬಾರದು ಎನ್ನುತ್ತದೆ ಅದು. ನನ್ನ ಗಾಡಿಗೆ 2028ಕ್ಕೆ ಐವತ್ತು ತುಂಬುತ್ತದೆ. ಅಂದು ತಪಾಸಣೆಗೆ ಬಂದವರು ಬಾನೆಟ್ ಎತ್ತಿ, ‘ಇದೇನ್ರೀ ಇಲ್ಲಿ ಕತ್ತರಿಸಿದ್ದು?’ ಎಂದರೆ ನನ್ನ ಹತ್ತಿರ ಒಪ್ಪುವಂಥ ಉತ್ತರವಿಲ್ಲ. ರೇಡಿಯೇಟರನ್ನು ನಾಲ್ಕು ಬೋಲ್ಟ್ ಬಿಚ್ಚಿ ಬದಲಿಸಬಹುದು. ತಗಡಿಗೆ ತೇಪೆ ಹಾಕಬಹುದಷ್ಟೆ.

ಇಷ್ಟು ಹೇಳಿದಾಗ ಗೆಳೆಯರು ಮೂರು ಮಾತು ಎತ್ತುತ್ತಾರೆ.

‘ರೀಕೋರ್ ಮಾಡುವವರೇ ಸಿಗುವುದಿಲ್ಲ.’ ಹುಡುಕಿದ್ದೀರಾ? ಚೆನ್ನೈನಲ್ಲಿದ್ದರೆ ಪುದುಪೇಟೆಯಲ್ಲಿ, ದೆಹಲಿಯಲ್ಲಿದ್ದರೆ ಕಾಶ್ಮೀರಿ ಗೇಟಿನಲ್ಲಿ, ಸಿಕಂದರಾಬಾದಿನ ರಾಣಿಗಂಜಿನಲ್ಲಿ, ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಲಾರಿ, ಟ್ರ್ಯಾಕ್ಟರ್, ಜನರೇಟರ್ ರೇಡಿಯೇಟರ್ ದುರಸ್ತಿ ಮಾಡುವವರನ್ನು ಕೇಳಿ. ಕಾರು ಅವರ ಬಳಿ ಹೋಗುವುದು ನಿಂತಿದೆ, ಕೈಗೆ ಕೆಲಸ ಮರೆತಿಲ್ಲ. ನಾವು ಹೋಗದೆ ಇದ್ದರೆ ಮಾತ್ರ ಮುಂದೊಂದು ದಿನ ನಿಮ್ಮ ಮಾತು ನಿಜವಾಗುತ್ತದೆ.

‘ನನ್ನ ಕಾರು, ನನ್ನ ದುಡ್ಡು.’ ಸರಿ. ಆದರೆ ಮೂಲ ಭಾಗ ಗುಜರಿಗೆ ಹೋದರೆ ನಿಮ್ಮ ನಂತರ ಆ ಗಾಡಿ ನೋಡಿಕೊಳ್ಳುವವರಿಗೆ ಆಯ್ಕೆಯೇ ಉಳಿಯುವುದಿಲ್ಲ. ಅಪ್ಪ ನನಗೆ ಇಡಿಯಾದ ಗಾಡಿ ಬಿಟ್ಟುಹೋದರು. ನಾನು ನನ್ನ ಮಗಳಿಗೆ ಕತ್ತರಿಸಿದ್ದನ್ನು ಬಿಟ್ಟುಹೋಗುತ್ತೇನೆ.

‘ಹಾಗಾದರೆ ಒಂದು ನಟ್ಟನ್ನೂ ಬದಲಿಸಬಾರದೇ?’ ಹಾಗೂ ನಾನು ಹೇಳುವುದಿಲ್ಲ. ಗಾಡಿಯನ್ನು ಗಾಜಿನ ಪೆಟ್ಟಿಗೆಯ ಗೊಂಬೆ ಮಾಡಿ ವರ್ಷಕ್ಕೊಮ್ಮೆ ರ‍್ಯಾಲಿಗೆ ಒಯ್ಯುವವರ ಮಡಿವಂತಿಕೆ ನನಗೂ ಬೇಡ. ಓಡದ ಕಾರು ಬೇಗ ಹಾಳಾಗುತ್ತದೆ. ಎ.ಸಿ. ಹಾಕಿಸಿಕೊಂಡು ದಿನಾ ಊರೊಳಗೆ ಓಡಿಸುವವರಿಗೆ, ಹಳೆಯ ಕೋರ್ ಎಲ್ಲೂ ಸಿಗದವರಿಗೆ ಹೊಸ ರೇಡಿಯೇಟರ್ ಬೇಕಾಗಬಹುದು. ಹಾಕಿಸಿ. ಆದರೆ ಗ್ಯಾರೇಜಿನವರ ಬಳಿ ಕೆಲವು ಷರತ್ತುಗಳನ್ನು ಮೊದಲೇ ಬರೆಸಿಕೊಳ್ಳಿ.

ಮೊದಲು ಬ್ಲಾಕಿನ ಒಳಗನ್ನು ಪೂರ್ತಿ ತೊಳೆಯಬೇಕು. ಇಲ್ಲದಿದ್ದರೆ ಹಳೆಯ ರಾಡಿ ಹೊಸ ನಳಿಗೆಗಳಲ್ಲಿ ಕೂರುತ್ತದೆ. ಕೊಳ್ಳುವ ಮುಂಚೆ ಹಳೆಯದರ ಎತ್ತರ, ಅಗಲ, ದಪ್ಪ, ಹೋಸ್ ಬಾಯಿಗಳ ಜಾಗ, ಬೋಲ್ಟ್ ತೂತುಗಳ ಅಂತರ ಅಳೆದಿರಬೇಕು. ಕೋರ್ ದಪ್ಪವಾದರೆ ಫ್ಯಾನ್ ರೆಕ್ಕೆಗೆ ತಾಗುತ್ತದೆ. ಇಂಜಿನ್ ರಬ್ಬರ್ ಮೌಂಟ್ ಮೇಲೆ ಅಲುಗಾಡುತ್ತದೆ ಎಂಬುದು ನೆನಪಿರಲಿ. ಅಳತೆ ಹೊಂದದಿದ್ದರೆ ಈಗಾಗಲೇ ಇರುವ ತೂತುಗಳಿಗೇ ಕೂರುವ ಬ್ರಾಕೆಟ್ ಮಾಡಿಸಬೇಕು, ತಗಡಿಗೆ ಕೈ ಹಚ್ಚಬಾರದು.

ಮುಚ್ಚಳದ ಒತ್ತಡ ಮೂಲದ್ದೇ ಇರಲಿ. ಹಳೆಯ ಅನೇಕ ಕಾರುಗಳ ಮುಚ್ಚಳ 4ರಿಂದ 7 ಪೌಂಡಿನವು. ಹೊಸದರ ಜೊತೆ ಬರುವ 13 ಪೌಂಡಿನ ಮುಚ್ಚಳ ಹಾಕಿದರೆ ಹಳೆಯ ಹೋಸ್, ಪಂಪಿನ ಸೀಲ್ ಸೋರಲು ಶುರುವಾಗುತ್ತದೆ. ಡೈನಮೊ ಇರುವ ಗಾಡಿಗೆ ಎಲೆಕ್ಟ್ರಿಕ್ ಫ್ಯಾನ್ ಸೇರಿಸುವ ಮುಂಚೆ ಅದರ ಕರೆಂಟನ್ನು ಡೈನಮೊ ತಡೆಯುತ್ತದೆಯೇ ಎಂದು ಲೆಕ್ಕ ಹಾಕಿಸಿ.

ನಲ್ಲಿ ನೀರು ಬೇಡವೇ ಬೇಡ. ಕಬ್ಬಿಣದ ಬ್ಲಾಕ್, ತಾಮ್ರದ ಹೀಟರ್, ಅಲ್ಯೂಮಿನಿಯಂ ರೇಡಿಯೇಟರ್ ಒಂದೇ ನೀರಿನಲ್ಲಿ ನಿಂತರೆ ಬ್ಯಾಟರಿಯಂತೆ ಕೆಲಸ ಶುರುವಾಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ತುಕ್ಕು ತಡೆಯುವ ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ ಹಾಕಿ, ಹೇಳಿದ ಅವಧಿಗೆ ಬದಲಿಸಿ. ರೇಡಿಯೇಟರನ್ನು ರಬ್ಬರ್ ಮೇಲೆ ಕೂರಿಸಿ. ತಣ್ಣಗಿರುವಾಗ ಮುಚ್ಚಳ ತೆಗೆದು ಮೀಟರಿನ ಒಂದು ತುದಿಯನ್ನು ಕೂಲೆಂಟಿನಲ್ಲಿ, ಇನ್ನೊಂದನ್ನು ಬ್ಯಾಟರಿಯ ಅರ್ಥ್ ಕಡೆ ಹಿಡಿದು, ಲೈಟ್ ಮತ್ತು ಇಂಜಿನ್ ಚಾಲೂ ಮಾಡಿ ನೋಡಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಯಿಲ್ಲವೆಂದು ತಿಳಿದು ಮೊದಲು ಅದನ್ನು ಸರಿಮಾಡಿಸಿ.

ಕೊನೆಯ ಷರತ್ತು, ಎಲ್ಲಕ್ಕಿಂತ ದೊಡ್ಡದು: ಹಳೆಯ ರೇಡಿಯೇಟರ್ ನಿಮ್ಮ ಕೈಗೆ ವಾಪಸು ಬರಬೇಕು. ನೀರು ಬಸಿದು, ಒಣಗಿಸಿ, ಬಾಯಿಗಳಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಡಿ.

ಹುಬ್ಬಳ್ಳಿಯ ಮೇಸ್ತ್ರಿ ಎಲ್ಲಿಂದಲೋ ಒಂದು ಹಳೆಯ ಪದ್ಮಿನಿಯ ರೇಡಿಯೇಟರ್ ಹುಡುಕಿ, ಹೊಸ ಕೋರ್ ಹಾಕಿ ಬೆಸೆದುಕೊಟ್ಟರು. ಪಂಪ್, ಥರ್ಮೋಸ್ಟಾಟ್ ಹೊಸವು. ಮುಂದಿನ ಮೇ ತಿಂಗಳಲ್ಲಿ ಅದೇ ಖಂಬಾಟ್ಕಿ ಏರಿದೆ. ಮುಳ್ಳು ನಡುವಿನಲ್ಲೇ ನಿಂತಿತ್ತು. ತಗಡಿಗೆ ಪುಣೆಯಲ್ಲಿ ತೇಪೆ ಹಾಕಿಸಿ ಬಣ್ಣ ಹೊಡೆಸಿದ್ದೇನೆ. ಬೇರೆಯವರಿಗೆ ಕಾಣುವುದಿಲ್ಲ. ಆಯುಧಪೂಜೆಯ ದಿನ ಬಾನೆಟ್ ಎತ್ತಿ ಕುಂಕುಮ ಹಚ್ಚುವಾಗ ನನಗೆ ಮಾತ್ರ ಮೊದಲು ಕಾಣುವುದು ಅದೇ.